ಎರಡು ತುತ್ತು, ಆಮೇಲೆ ಗುಳಿಗೆ

ಆಗುವುದಿಲ್ಲ ಎಂದವರು ಹಲವರಿದ್ದರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿ ದನಿಯಲ್ಲಿ ಅಂದವನು ನನ್ನ ದೊಡ್ಡಪ್ಪ ಹನುಮಂತಪ್ಪ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ವಯಸ್ಸೆಲ್ಲ ಚೀಲ ಹೊತ್ತವನು. ನನ್ನ ಅಪ್ಪ ಬೇಗ ತೀರಿಕೊಂಡದ್ದರಿಂದ ನಮ್ಮ ಮನೆಯಲ್ಲಿ ಅವನ ಮಾತೇ ಮಾತು. ಪಿಯುಸಿ ಮುಗಿಸಿ ಬಿ.ಎಸ್ಸಿ. ನರ್ಸಿಂಗ್ ಅರ್ಜಿ ಹಿಡಿದುಕೊಂಡು ಅವ್ವನ ಹೆಬ್ಬೆಟ್ಟು ಒತ್ತಿಸುತ್ತಿದ್ದೆ. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಹೆಗಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ನನ್ನ ಕಡೆ ತಿರುಗದೆಯೇ ಅಂದ:

"ಸಗಣಿ ಬಳಿಯಾಕ ಮೂಗು ಮುಚ್ಚಿಕೊಳ್ಳಾಕಿ ಮಂದೀ ಹೊಲಸು ಬಳೀತಾಳಂತ. ನಮ್ಮ ಮನಿತನದಾಗ ಡಿಗ್ರಿ ಅನ್ನೂದು ಆಗೂ ಮಾತಲ್ಲ. ಆದ್ರೂ ಇಕೀ ಕೈಲೆ ಅಲ್ಲ."

ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ನನ್ನ ಮೂಗು ಬಹಳ ಸೂಕ್ಷ್ಮ. ಚಿಕ್ಕವಳಿದ್ದಾಗ ಹಟ್ಟಿ ಬಳಿಯುವ ಸರದಿ ಬಂದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಳಿಯುತ್ತಿದ್ದೆ, ತಂಗಿಯರು ನಗುತ್ತಿದ್ದರು. ಇನ್ನರ್ಧವನ್ನು ಸುಳ್ಳು ಮಾಡಲಿಕ್ಕೆ ನನಗೆ ನಾಲ್ಕು ವರ್ಷವಲ್ಲ, ಐದು ಹಿಡಿಯಿತು. ಕನ್ನಡ ಮಾಧ್ಯಮದಲ್ಲಿ ಓದಿದವಳು. ಮೊದಲ ವರ್ಷ ಅಂಗರಚನೆಯ ಪರೀಕ್ಷೆಯಲ್ಲಿ ನಪಾಸಾದೆ. ಪುಸ್ತಕದ ಅಂಚಿನಲ್ಲೆಲ್ಲ ಇಂಗ್ಲಿಷ್ ಪದಕ್ಕೆ ಕನ್ನಡ ಬರೆದುಕೊಂಡು, ರಜೆಗೆ ಬಂದಾಗ ಶ್ರೀರಾಮನಗರದ ಗದ್ದೆಗಳಲ್ಲಿ ಅವ್ವನ ಜೊತೆ ಸಸಿ ನಾಟಿ ಮಾಡುತ್ತ, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕರುಳಿನ ಭಾಗಗಳ ಹೆಸರನ್ನು ಬಾಯಿಪಾಠ ಮಾಡಿದ್ದೇನೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಯ ಸಂಗತಿ ಬೇರೆ ಇದೆ, ಅದನ್ನೂ ಹೇಳುತ್ತೇನೆ.

ಈಗ ನಾನು ಸ್ಟಾಫ್ ನರ್ಸ್. ಮೊನ್ನೆ ಕುಷ್ಟಗಿ ಕಡೆಯ ಒಬ್ಬ ರೋಗಿಯನ್ನು ಕರುಳಿನ ಆಪರೇಷನ್ನಿಗೆ ತಯಾರು ಮಾಡಬೇಕಿತ್ತು. ಕರುಳು ತೊಳೆಯುವ ಪುಡಿಯ ಪೊಟ್ಟಣ ಕತ್ತರಿಸಿ ನೀರಿಗೆ ಸುರಿದೆ. ಕೃತಕ ನಿಂಬೆಹಣ್ಣಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಆ ವಾಸನೆ ಬಂದರೆ ನನಗೆ ಆ ಚಳಿಗಾಲ ಬರುತ್ತದೆ, ಜೊತೆಗೆ ಮಾಬಮ್ಮ ಬರುತ್ತಾಳೆ.

ಮಾಬಮ್ಮನನ್ನು ನಾನು ಮೊದಲು ನೋಡಿದ್ದು ಆಸ್ಪತ್ರೆಯಲ್ಲಲ್ಲ, ಅವಳ ಊರಿನಲ್ಲಿ. ಮೂರನೇ ವರ್ಷ ನಮ್ಮನ್ನು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಗೆ ಹಾಕಿದ್ದರು. ಹೆಣ್ಣುಮಕ್ಕಳ ರಕ್ತ ಪರೀಕ್ಷೆ ಮಾಡಿ, ರಕ್ತ ಕಡಿಮೆ ಇದ್ದವರಿಗೆ ಕಬ್ಬಿಣಾಂಶದ ಗುಳಿಗೆ ಕೊಟ್ಟು, ಕಣ್ಣೆದುರೇ ನುಂಗಿಸಬೇಕು. ಮೊದಲ ದಿನವೇ ಎಡವಟ್ಟಾಯಿತು. ಹೊಲಕ್ಕೆ ಹೊರಟಿದ್ದ ಒಬ್ಬ ಹೆಂಗಸಿಗೆ ಊಟವಾಗಿದೆಯೇ ಎಂದು ಕೇಳದೆ ಗುಳಿಗೆ ನುಂಗಿಸಿದೆ. ಅವಳು ನಳದ ಹತ್ತಿರ ಹೋಗಿ ಕೊಡ ಇಟ್ಟು, ಎಲ್ಲರೆದುರು ವಾಂತಿ ಮಾಡಿಕೊಂಡಳು. ಅರ್ಧ ತಾಸಿನಲ್ಲಿ ಓಣಿಯ ಬಾಗಿಲುಗಳೆಲ್ಲ ಮುಚ್ಚಿದವು. ಕರೆದರೆ ಒಳಗಿನಿಂದಲೇ "ನಮಗ ರಕ್ತ ಐತ್ರಿ, ಸಾಕಷ್ಟು ಐತಿ" ಎಂಬ ಉತ್ತರ.

ಓಣಿಯ ತುದಿಯ ಮನೆಯ ಪಡಸಾಲೆಯಲ್ಲಿ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ಐವತ್ತರ ಆಸುಪಾಸು, ಅಗಲ ಭುಜ, ಕೈತುಂಬ ಹಸಿರು ಬಳೆ. ಆಕೆಯೇ ಮಾಬಮ್ಮ. ಯಲಬುರ್ಗಾದ ಖಾನಾವಳಿಗೂ ಸುತ್ತಲಿನ ಮದುವೆ ಮನೆಗಳಿಗೂ ಜೋಳದ ರೊಟ್ಟಿ ಅವಳ ಕೈಯಿಂದಲೇ ಹೋಗುತ್ತಿತ್ತು. ಗಂಡ ಇಲ್ಲ, ಮಕ್ಕಳಿಲ್ಲ. ರೊಟ್ಟಿಯೇ ಅವಳ ಹೊಲ, ಮನೆ, ಹೆಸರು. ನಾನು ಗುಳಿಗೆಯ ಡಬ್ಬಿ ಹಿಡಿದು ಅಳುಮೋರೆ ಮಾಡಿಕೊಂಡು ನಿಂತದ್ದನ್ನು ನೋಡಿ ಕರೆದಳು.

"ಬಾ ಇಲ್ಲಿ ತಂಗಿ. ಗುಳಿಗಿ ಹಿಡಕೊಂಡು ನಿಂತ್ರ ಯಾರು ಬರತಾರ? ರೊಟ್ಟಿ ಹಿಡಕೊಂಡು ನಿಂದ್ರು."

ಮರುದಿನದಿಂದ ಹಾಗೇ ನಡೆಯಿತು. ಅವಳು ಬುಟ್ಟಿಯಲ್ಲಿ ರೊಟ್ಟಿ ಮುರಿದು ತಂದು ನನ್ನ ಪಕ್ಕ ನಿಲ್ಲುತ್ತಿದ್ದಳು. ಬಂದವರ ಕೈಗೆ ಮೊದಲು ಅವಳ ರೊಟ್ಟಿ ಚೂರು, ಮೇಲೆ ಚೂರು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಅದು ಗಂಟಲಿಳಿದ ಮೇಲೆ ನನ್ನ ಗುಳಿಗೆ. ನಾನು ಕಟ್ಟೆ ಹತ್ತಿ ಕೂಗುತ್ತಿದ್ದೆ: "ಬರೀ ಹೊಟ್ಟೀಲೆ ಗುಳಿಗಿ ನುಂಗಬ್ಯಾಡ್ರಿ. ಎರಡು ತುತ್ತು, ಆಮ್ಯಾಲೆ ಗುಳಿಗಿ." ಮೂರು ದಿನದಲ್ಲಿ ಓಣಿಯ ಹುಡುಗರು ಅದನ್ನು ಹಾಡು ಮಾಡಿಕೊಂಡು ನಮ್ಮ ಹಿಂದೆ ಹೇಳುತ್ತ ತಿರುಗಿದರು. ಒಬ್ಬರೂ ವಾಂತಿ ಮಾಡಿಕೊಳ್ಳಲಿಲ್ಲ. ಆ ಕೆಲಸದ ವರದಿಗೆ ನನಗೆ ತರಗತಿಯಲ್ಲೇ ಹೆಚ್ಚಿನ ಅಂಕ ಬಂತು. ಮಂದಿಗೆ ಒಂದು ಮಾತು ಕಲಿಸಿ ಬಂದೆ ಎಂದು ಬಹಳ ದಿನ ಹೆಮ್ಮೆಪಟ್ಟುಕೊಂಡೆ.

ಮರುವರ್ಷ ಎಳ್ಳ ಅಮಾವಾಸ್ಯೆ ಕಳೆದಿತ್ತು. ಕೊಪ್ಪಳದ ಬಂಡೆಗುಡ್ಡಗಳ ಮೇಲಿಂದ ಒಣ ಚಳಿಗಾಳಿ ಬೀಸುತ್ತಿತ್ತು, ಹೊಲಗಳಲ್ಲಿ ಬಿಳಿಜೋಳದ ತೆನೆ ಹಾಲುಗಾಳು ಕಟ್ಟಿತ್ತು. ನಾನು ಕೊನೆಯ ವರ್ಷದವಳು. ಒಂದು ಆಸ್ಪತ್ರೆಯ ಹೆಣ್ಣುಮಕ್ಕಳ ಸರ್ಜರಿ ವಾರ್ಡಿನಲ್ಲಿ ನನ್ನ ಪಾಳಿ. ಅದು ಮುಗಿದು ವಾರ್ಡಿನ ಹಿರಿಯ ಸಿಸ್ಟರ್ ಸುಶೀಲಾ ಅವರ ಸಹಿ ಬಿದ್ದರೆ ಕೊನೆಯ ಪರೀಕ್ಷೆಯೊಂದೇ ಬಾಕಿ. ಒಂದು ಬೆಳಿಗ್ಗೆ ಎಂಟನೇ ಹಾಸಿಗೆಗೆ ಹೊಸ ರೋಗಿ ಬಂದಿದ್ದಳು. ಕೇಸ್ ಪೇಪರು ನೋಡುತ್ತ ಹೋದೆ. "ಏನ್ ತಂಗಿ, ರೊಟ್ಟಿ ಮರತಿ, ನನ್ನೂ ಮರತಿ" ಎಂಬ ದನಿ ಕೇಳಿದಾಗ ತಲೆಯೆತ್ತಿದೆ. ದನಿ ಮಾಬಮ್ಮನದು, ಮುಖ ಗುರುತು ಸಿಗಲಿಲ್ಲ. ಭುಜ ಬತ್ತಿತ್ತು, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಹಿಂದಿನ ಮಳೆಗಾಲದಲ್ಲಿ ಅವಳ ದೊಡ್ಡ ಕರುಳು ಹಗ್ಗದ ಹಾಗೆ ಹುರಿಗೊಂಡು ಹೊಟ್ಟೆ ನಗಾರಿಯಂತೆ ಉಬ್ಬಿತ್ತಂತೆ. ಬೇರೆ ಊರಿನಲ್ಲಿ ಅವಸರದಲ್ಲಿ ಕೊಯ್ದು, ಕೆಟ್ಟ ತುಂಡನ್ನು ತೆಗೆದು, ಮೇಲಿನ ಕರುಳಿನ ತುದಿಯನ್ನು ಹೊಟ್ಟೆಯ ಎಡಬದಿಯಲ್ಲಿ ಹೊರಗೆ ತಂದು ಚೀಲ ಅಂಟಿಸಿದ್ದರು. ಜೀವ ಉಳಿಸಿದ ಕೆಲಸ ಅದು. ಆದರೆ ತಯಾರಿಗೆ ಹೊತ್ತಿರಲಿಲ್ಲ. ಕರುಳಿನೊಳಗಿನದು ಗಾಯಕ್ಕೆ ತಾಗಿ ಹೊಲಿಗೆಯೆಲ್ಲ ಕೀವಾಯಿತು. ಎರಡು ತಿಂಗಳು ದಿನಾ ಪಟ್ಟಿ. ಈಗ ಹೊರಗೆ ಬಂದ ತುದಿಯನ್ನು ಮತ್ತೆ ಒಳಗೆ ಜೋಡಿಸಲು ಬಂದಿದ್ದಳು.

ಆ ಏಳು ತಿಂಗಳಲ್ಲಿ ಅವಳ ಒಲೆ ತಣ್ಣಗಾಗಿತ್ತು. ಯಾರೂ ಕೆಟ್ಟ ಮಾತಾಡಿರಲಿಲ್ಲ. ಖಾನಾವಳಿಯವ "ಮೊದಲ ಆರಾಮ ಆಗವಾ" ಎಂದು ಬೇರೆಯವಳಿಗೆ ಕೆಲಸ ಕೊಟ್ಟ. ಮದುವೆ ಮನೆಯವರು ಅವಳ ಬಾಗಿಲು ದಾಟಿ ಮುಂದೆ ಹೋದರು. ರೊಟ್ಟಿ ಬಡಿಯಲು ಮುಂದಕ್ಕೆ ಬಾಗಿದರೆ ಚೀಲ ಒತ್ತಿ ಸಪ್ಪಳ ಬರುತ್ತಿತ್ತು. ಒಮ್ಮೆ ಒಂದು ಹುಡುಗಿ ಆ ಸಪ್ಪಳ ಕೇಳಿ ಮೂಗಿಗೆ ಸೆರಗು ಹಿಡಿದಳಂತೆ. ಅಂದೇ ಮಾಬಮ್ಮ ರೊಟ್ಟಿ ಬೇಯಿಸುವ ಹಂಚನ್ನು ಗೋಡೆಗೆ ತಿರುಗಿಸಿಟ್ಟಳು. ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: "ಉಗಾದಿ ಆದ ಮ್ಯಾಲೆ ಮದುವಿ ಸುರು ಆಗತಾವು. ಅಷ್ಟರಾಗ ಹೊಲಿಗಿ ಒಣಗತೈತಿ ಹೌದಿಲ್ಲೋ? ಮತ್ತ ಕೀವು ಆಗಂಗಿಲ್ಲ ಹೌದಿಲ್ಲೋ?"

ಆಗಂಗಿಲ್ಲ ಎಂದು ಹೇಳುವ ಅಧಿಕಾರ ನನಗಿರಲಿಲ್ಲ. ಆದರೂ ತಲೆಯಾಡಿಸಿದೆ.

ಆ ವಾರ ಒಂದು ದಿನದ ರಜೆಗೆ ಮನೆಗೆ ಹೋದಾಗ ಊಟಕ್ಕೆ ಕೂತು ಇದನ್ನೆಲ್ಲ ಅವ್ವನಿಗೆ ಹೇಳಿದೆ. ದೊಡ್ಡಪ್ಪ ತಾಟು ದೂರ ಸರಿಸಿದ. "ಉಣ್ಣೂ ಮುಂದ ಇದನ್ನ ಹೇಳತೀಯಲ್ಲ, ಇದ ಏನು ನಿಮ್ಮ ಕಾಲೇಜಿನಾಗ ಕಲಸಿದ್ದು? ಕರುಳ ಹೊಲಕೊಂಡು ಬಂದ್ರೂ ಅಷ್ಟ. ಅಂಥಾಕಿ ಬಡದ ರೊಟ್ಟಿ ಯಾರು ತಿಂತಾರ?" ಅವನು ಎದ್ದು ಕೈತೊಳೆದುಕೊಂಡ. ಊರಿನವರು ಬಾಯಿಬಿಟ್ಟು ಹೇಳದ್ದನ್ನು ನನ್ನ ಮನೆಯವನೇ ಹೇಳಿದ್ದ.

ಆಪರೇಷನ್ನಿನ ಹಿಂದಿನ ದಿನ. ಸರ್ಜನ್ ಸರ್ ನಮ್ಮ ನಾಲ್ವರು ವಿದ್ಯಾರ್ಥಿನಿಯರನ್ನು ಮಾಬಮ್ಮನ ಹಾಸಿಗೆ ಹತ್ತಿರ ನಿಲ್ಲಿಸಿ ತಯಾರಿ ವಿವರಿಸಿದರು. ನಮ್ಮ ಕರುಳಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಾಣುಗಳಿವೆ. ಅಲ್ಲಿರುವಷ್ಟು ಹೊತ್ತು ಅವು ನಮ್ಮವೇ, ನಮಗೆ ಅನುಕೂಲವೇ. ಕತ್ತರಿ ಬಿದ್ದು ಒಂದು ಹನಿ ಹೊರಗೆ ಚೆಲ್ಲಿದರೆ ಅವೇ ಕೀವು ಮಾಡುತ್ತವೆ. ಪುಡಿ ಕಲಸಿದ ನೀರು ಕುಡಿಸಿದರೆ ಮಲ ತೊಳೆದು ಹೋಗುತ್ತದೆ, ಆದರೆ ಗೋಡೆಗೆ ಅಂಟಿದ ಸೂಕ್ಷ್ಮಾಣುಗಳು ಉಳಿಯುತ್ತವೆ. ಅದಕ್ಕೆಂದೇ ಎರಡು ಬಗೆಯ ಆಂಟಿಬಯೋಟಿಕ್ ಗುಳಿಗೆ, ಮಧ್ಯಾಹ್ನ ಒಂದಕ್ಕೆ, ಎರಡಕ್ಕೆ, ರಾತ್ರಿ ಹತ್ತಕ್ಕೆ. ಅದರಲ್ಲೊಂದು ರಕ್ತಕ್ಕೆ ಸೇರುವುದೇ ಕಡಿಮೆ, ಕರುಳಿನಲ್ಲೇ ನಿಂತು ಕೆಲಸ ಮಾಡುತ್ತದೆ. ಮರುದಿನ ಚಾಕು ಇಡುವ ಮುನ್ನ ಒಂದು ಇಂಜೆಕ್ಷನ್. ತೊಳೆಯುವುದು ಬೇರೆ, ಕೊಲ್ಲುವುದು ಬೇರೆ, ಎರಡೂ ಬೇಕು ಎಂದರು.

ಇದನ್ನು ನಾನು ಮಾಬಮ್ಮನಿಗೆ ನಮ್ಮ ಮಾತಿನಲ್ಲಿ ಹೇಳಿದೆ. ಕೇಳಿ, "ಹಾಲಿನ ಗಡಗಿ ಇದ್ದಂಗ" ಅಂದಳು. "ಎಷ್ಟ ತಿಕ್ಕಿ ತೊಳದ್ರೂ ಹಾಲು ಒಡೀತೈತಿ. ತೊಳದು ಬೋರಲು ಹಾಕಿ ಒಲಿ ಮ್ಯಾಲೆ ಕಾಸಬೇಕು. ನಿಮ್ಮ ನೀರು ತೊಳಿತೈತಿ, ಗುಳಿಗಿ ಕಾಸತೈತಿ." ಸರ್ ಅರ್ಧ ತಾಸು ಹೇಳಿದ್ದನ್ನು ಅವಳು ಎರಡು ಮಾತಿನಲ್ಲಿ ಹೇಳಿದ್ದಳು. ಇಷ್ಟು ತಿಳಿದವಳಿಗೆ ಇನ್ನೇನು ಹೇಳುವುದಿದೆ ಎಂದುಕೊಂಡೆ. ಏನೂ ಉಣ್ಣಬಾರದು, ನೀರು, ಎಳನೀರು, ಹಾಲಿಲ್ಲದ ಚಹಾ ಮಾತ್ರ ಎಂದೆ. ಹೂಂ ಎಂದಳು. ಒಂದು ಗಂಟೆಗೆ ನಾಲ್ಕು ಗುಳಿಗೆ ಅವಳ ಅಂಗೈಯಲ್ಲಿಟ್ಟೆ, ನೀರಿನ ಲೋಟ ಕೊಟ್ಟೆ. ಅಷ್ಟರಲ್ಲಿ ಐದನೇ ಹಾಸಿಗೆಯವರು ಕರೆದರು. ಹೋದೆ. ನುಂಗುವವರೆಗೆ ನಿಲ್ಲಲಿಲ್ಲ. ಹಳ್ಳಿಯಲ್ಲಿ ಕಣ್ಣೆದುರು ನುಂಗಿಸಿದವಳು ಆಸ್ಪತ್ರೆಯಲ್ಲಿ ಬೆನ್ನು ತಿರುಗಿಸಿದೆ. ಎರಡು ಗಂಟೆಗೆ ನನ್ನ ಪಾಳಿ ಮುಗಿಯಿತು.

ಮರುದಿನ ಏಳಕ್ಕೆ ಬಂದು ಮಾಬಮ್ಮನ ಹೊದಿಕೆ ಸರಿಸಿದೆ. ಚೀಲ ಪಾರದರ್ಶಕ. ಅದರಲ್ಲಿ ನೀರಿನಂಥ ತಿಳಿ ಇರಬೇಕಿತ್ತು. ಮಂದ ಗಂಜಿಯಂಥದು ತುಂಬಿತ್ತು, ಅದರ ತುಂಬ ಬಿಳಿಜೋಳದ ತೌಡು. ಯಾರೂ ಏನೂ ಹೇಳಬೇಕಾಗಿರಲಿಲ್ಲ. ರೊಟ್ಟಿ ಕಣ್ಣಿಗೆ ಕಾಣುತ್ತಿತ್ತು.

"ಅಕ್ಕಾರ, ಏನ್ ಉಂಡ್ರಿ?"

"ಏನೂ ಉಂಡಿಲ್ಲವ್ವಾ."

"ಮತ್ತ ಇದು?"

ಅವಳು ನನ್ನ ಮುಖವನ್ನೇ ಅಚ್ಚರಿಯಿಂದ ನೋಡಿದಳು. "ಅದು ಊಟ ಅಲ್ಲ. ಗುಳಿಗಿ ಜೋಡಿ ತಗೊಂಡದ್ದು. ಒಂದು ಗುಳಿಗಿಗೆ ಎರಡು ತುತ್ತು. ನಾಕು ಗುಳಿಗಿಗೆ ಎಂಟು. ಕಟಕ ರೊಟ್ಟಿ ಪುಡಿ ಮಾಡಿ ಕರೀ ಚಾದಾಗ ನೆನಿಸಿ ತಗೊಂಡೆ, ಮೂರೂ ಹೊತ್ತು. ಒಂದೂ ತಪ್ಪಿಸಿಲ್ಲ."

ಅವಳ ದಿಂಬಿನ ಕೆಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ, ಒಣಗಿಸಿ ಗರಿಗರಿ ಮಾಡಿದ ಕಟಕ ರೊಟ್ಟಿ ಇತ್ತು. ಅವಳ ತಂಗಿ ಊರಿಂದ ತಂದದ್ದು. ಅವಳು ಯಾರ ಮಾತನ್ನೂ ಮೀರಿರಲಿಲ್ಲ. ಉಣ್ಣಬಾರದು ಎಂದಿದ್ದೆ, ಉಂಡಿರಲಿಲ್ಲ. ಬರೀ ಹೊಟ್ಟೆಯಲ್ಲಿ ಗುಳಿಗೆ ನುಂಗಬಾರದು ಎಂದು ಕಟ್ಟೆ ಹತ್ತಿ ಕೂಗಿದ್ದೆ, ನುಂಗಿರಲಿಲ್ಲ. ಗುಳಿಗೆ ನುಂಗಲು ನೀರು ಎಷ್ಟು ಬೇಕೋ ರೊಟ್ಟಿಯೂ ಅಷ್ಟೇ ಬೇಕು ಎಂಬುದನ್ನು ಅವಳಿಗೆ ಕಲಿಸಿದವಳು ನಾನು. ಓಣಿಗೆಲ್ಲ ಕಲಿಸಿದವರು ನಾವಿಬ್ಬರೂ.

ಎಂಟು ಗಂಟೆಗೆ ಸರ್ಜನ್ ಸರ್, ಹಿಂದೆ ಸುಶೀಲಾ ಸಿಸ್ಟರ್, ಅವರ ಹಿಂದೆ ನಾವು. ಸರ್ ಚೀಲ ನೋಡಿ ಹುಬ್ಬು ಗಂಟಿಕ್ಕಿದರು. ಇಂಥ ಕರುಳನ್ನು ಕೊಯ್ದು ಜೋಡಿಸಿದರೆ ಹಿಂದಿನ ಬಾರಿಯದೇ ಕಥೆ, ಇವತ್ತು ಬೇಡ, ಮುಂದಿನ ವಾರ ಎಂದರು. ಸಿಸ್ಟರ್ ಮಾಬಮ್ಮನ ಮೇಲೆ ರೇಗಿದರು. ಇಷ್ಟು ಹೇಳಿದರೂ ಬಾಯಿ ಕಟ್ಟಲಾಗದವರು ಆಸ್ಪತ್ರೆಗೆ ಯಾಕೆ ಬರಬೇಕು ಎಂದರು. ಸರ್ ಅವಳನ್ನೇ ಕೇಳಿದರು, ಯಾಕೆ ತಿಂದೆ ಅಂತ.

ಮಾಬಮ್ಮ ಒಂದು ಕ್ಷಣ ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಿತೋ.

"ಹಸಿವಿ ಆಗಿತ್ತರಿ ಸಾಹೇಬ್ರ. ತಡೀಲಿಲ್ಲ, ತಿಂದೆ."

ನಾನು ಬಾಯಿ ತೆರೆಯಲಿಲ್ಲ. ಮೊದಲೇ ಹೇಳಿದ ನಾಚಿಕೆಯ ಸಂಗತಿ ಇದೇ. ಅವರು ಒಂಬತ್ತನೇ ಹಾಸಿಗೆಗೆ ಹೋದರು, ಹತ್ತಕ್ಕೆ ಹೋದರು, ನಾನು ಹಿಂದೆ ಹಿಂದೆಯೇ ನಡೆದೆ. ಅಂಗರಚನೆಯಲ್ಲಿ ನಪಾಸಾದ ದಿನ, ಅವ್ವನ ಹೆಬ್ಬೆಟ್ಟು, ದೊಡ್ಡಪ್ಪನ ಮಾತು ಎಲ್ಲ ತಲೆಯಲ್ಲಿ ತಿರುಗುತ್ತಿದ್ದವು. ಇನ್ನು ಕೆಲವು ವಾರ ಸುಮ್ಮನಿದ್ದರೆ ಸಹಿ ಬೀಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ರೌಂಡ್ಸ್ ಮುಗಿದ ಮೇಲೆ ಸಿಸ್ಟರ್ ಕೇಸ್ ಪೇಪರು ನನ್ನ ಮುಂದಿಟ್ಟು, ರೋಗಿ ಸೂಚನೆ ಪಾಲಿಸಲಿಲ್ಲ ಎಂದು ಬರಿ ಎಂದರು. ಬರೆದೆ. ಇಂಗ್ಲಿಷಿನಲ್ಲಿ ಅದು ಬಹಳ ಚಿಕ್ಕ ವಾಕ್ಯ. ಬರೆದು ಮುಗಿಸಿ ನೋಡಿದರೆ ಅದರ ಕೆಳಗೆ ನನ್ನ ಹೆಸರು, ನನ್ನ ಅಕ್ಷರ. ನಾಟಿ ಗದ್ದೆಯಲ್ಲಿ ನಿಂತು ಕಲಿತ ಇಂಗ್ಲಿಷ್ ನನಗೆ ಮೊದಲ ಬಾರಿ ಉಪಯೋಗಕ್ಕೆ ಬಂದದ್ದು, ನನಗೆ ರೊಟ್ಟಿ ಕೊಟ್ಟು ಮಾನ ಉಳಿಸಿದವಳ ಮೇಲೆ ತಪ್ಪು ಹೊರಿಸಲಿಕ್ಕೆ. ವಾಕ್ಯದ ಮೇಲೆ ಒಂದು ಗೆರೆ ಎಳೆದೆ. ನಿಯಮದ ಪ್ರಕಾರ ಪಕ್ಕದಲ್ಲಿ ಸಹಿ ಹಾಕಿದೆ. ಪೇಪರು ಹಿಡಿದು ಸಿಸ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ: ಹಳ್ಳಿ, ಕಟ್ಟೆ, ಎರಡು ತುತ್ತು, ಗುಳಿಗೆ ನುಂಗುವಾಗ ಬೆನ್ನು ತಿರುಗಿಸಿದ್ದು.

ಸಿಸ್ಟರು ಪೇಪರನ್ನು ಮೇಲಿಂದ ಕೆಳಗೆ ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಇದನ್ನ ಅಲ್ಲೇ ನಿಂತು ಯಾಕ ಹೇಳಲಿಲ್ಲ?"

"ಅಂಜಿದೆರಿ."

"ಖರೇ ಹೇಳಿದಿ ನೋಡು, ಅದಕ್ಕ ಹೊಡಿಯಂಗಿಲ್ಲ." ಗೆರೆ ಎಳೆದ ವಾಕ್ಯದ ಕೆಳಗೆ ನಡೆದದ್ದನ್ನು ನಡೆದ ಹಾಗೆ ಬರೆಯಿಸಿದರು. ನನ್ನ ಪಾಳಿ ಎರಡು ವಾರ ಮುಂದುವರಿಯಿತು. ಜೊತೆಯವರ ಸಹಿ ಆಗಿ ಅವರು ಊರಿಗೆ ಹೋಗುವಾಗ ನಾನು ವಾರ್ಡಿನಲ್ಲೇ ಉಳಿಯಬೇಕು. ಸರ್ಜನ್ ಸರ್‌ಗೆ ಸಿಸ್ಟರೇ ವಿಷಯ ತಿಳಿಸಿದರು. ಅವರು ನನ್ನನ್ನು ಕರೆದು ಬೈಯಲಿಲ್ಲ. ಮುಂದಿನ ವಾರ ಈಕೆಯ ತಯಾರಿ ಪೂರ್ತಿ ನಿನ್ನದು, ಚೀಲದಲ್ಲಿ ತಿಳಿನೀರು ತೋರಿಸಿದರೆ ಮಾತ್ರ ನಾನು ಚಾಕು ಹಿಡಿಯುತ್ತೇನೆ ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಮಾಬಮ್ಮನ ಹತ್ತಿರ ಹೋಗಿ ಕೂತೆ. ನನ್ನ ಸಲುವಾಗಿ ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದೆ. ಅವಳು ಕಟಕ ರೊಟ್ಟಿಯ ಗಂಟನ್ನು ತಂಗಿಯ ಕೈಗೆ ಕೊಡುತ್ತಿದ್ದಳು. "ನಾ ಬೈಸಿಕೊಂಡ್ರ ಏನಾತು, ಹಾಸಿಗಿ ಮ್ಯಾಲೆ ಮಲಕೊಂಡಾಕಿ. ನೀ ನಿಂತು ದುಡಿಯಾಕಿ" ಎಂದಳು. ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ, "ಆದ್ರ ತಂಗಿ, ಆ ಗುಳಿಗಿ ಬ್ಯಾರೆ, ಈ ಗುಳಿಗಿ ಬ್ಯಾರೆ ಅಂತ ಮೊದಲ ಹೇಳಬೇಕಿಲ್ಲೇನು? ನಮಗ ಗುಳಿಗಿ ಅಂದ್ರ ಗುಳಿಗಿ."

ಆ ಒಂದು ವಾರ ಉದ್ದವಾಗಿತ್ತು. ಹಾಸಿಗೆಯ ಮೇಲೆ ಕೂತು ಅವಳು ದಿನ ಎಣಿಸಿದಳು. ಊರಿಂದ ನೋಡಲು ಬಂದವರು ಜೋಳದ ಕೊಯ್ಲು ಶುರುವಾಯಿತು ಎಂದರು, ಯಾರ ಮಗಳ ಮದುವೆ ಯಾವಾಗ ಎಂದರು. ರೊಟ್ಟಿಯ ಮಾತು ಯಾರೂ ಎತ್ತಲಿಲ್ಲ. ಅವರು ಹೋದ ಮೇಲೆ ಅವಳು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು.

ಎರಡನೇ ಸಲದ ತಯಾರಿಯ ದಿನವಿಡೀ ನಾನು ಎಂಟನೇ ಹಾಸಿಗೆ ಬಿಟ್ಟು ಹೆಚ್ಚು ದೂರ ಹೋಗಲಿಲ್ಲ. ಬೆಳಿಗ್ಗೆಯಿಂದ ನಿಂಬೆ ವಾಸನೆಯ ಆ ನೀರನ್ನು ಲೋಟ ಲೋಟವಾಗಿ ಕುಡಿಸಿದೆ. ಪ್ರತಿ ಲೋಟಕ್ಕೂ ಅವಳು ಮುಖ ಕಿವುಚಿ, "ಇದನ್ನ ಕಂಡು ಹಿಡದಾಂವ ಒಂದು ಲೋಟರೆ ಕುಡದಾನೇನು ಕೇಳು" ಎನ್ನುತ್ತಿದ್ದಳು. ಒಂದು ಗಂಟೆಗೆ ಗುಳಿಗೆ ಅಂಗೈಗಿಟ್ಟೆ. ಅವಳ ಎಡಗೈ ತಾನಾಗಿಯೇ ದಿಂಬಿನ ಕೆಳಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಇಬ್ಬರೂ ನಕ್ಕೆವು.

ಎರಡು ಗಂಟೆಯ ಗುಳಿಗೆ ಇಳಿದು ಎರಡು ತಾಸಿಗೆ ಅವಳಿಗೆ ಹೊಟ್ಟೆ ತೊಳಸತೊಡಗಿತು. ಆ ಗುಳಿಗೆಗಳ ಗುಣವೇ ಅದು. ಬೇಸಿನ್ನು ಹಿಡಿದು ಬೆನ್ನು ನೀವಿದೆ. ಸರ್‌ಗೆ ತಿಳಿಸಿ ವಾಂತಿ ನಿಲ್ಲುವ ಇಂಜೆಕ್ಷನ್ ಹಾಕಿಸಿದೆ. "ಒಂದ ಚೂರು ತಂಗಿ. ಉಗುರಿನಷ್ಟು. ನಳದ ಮುಂದ ಆಕಿ ವಾಂತಿ ಮಾಡಿದ್ದು ನೀನ ನೋಡಿಯಲ್ಲ" ಎಂದಳು. ಕಣ್ಣಲ್ಲಿ ನೀರಿತ್ತು. ಕೊಡಬಹುದೇನೋ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಅಷ್ಟರಲ್ಲಿ ಅವಳ ಗಡಿಗೆ ನೆನಪಾಯಿತು.

"ಅಕ್ಕಾರ, ಹಾಲಿನ ಗಡಗಿ ತೊಳದು ಕಾಸಾಕ ಇಟ್ಟೀರಿ. ಕಾಸೂ ಮುಂದ ಅದರಾಗ ಹಿಟ್ಟು ಹಾಕತೀರೇನು?"

ಅವಳು ಬೇಸಿನ್ನಿನಿಂದ ತಲೆಯೆತ್ತಿ ನನ್ನನ್ನು ದಿಟ್ಟಿಸಿದಳು. "ಹಾಕಂಗಿಲ್ಲ" ಎಂದಳು. ಆಮೇಲೆ ರೊಟ್ಟಿ ಕೇಳಲಿಲ್ಲ. ಕೊನೆಯ ಗುಳಿಗೆ ನುಂಗಿ ಗೋಡೆ ನೋಡದೆ ನನ್ನ ಕಡೆ ಮುಖ ಮಾಡಿ ಮಲಗಿದಳು.

ಬೆಳಿಗ್ಗೆ ಚೀಲದಲ್ಲಿ ತಿಳಿ ಇತ್ತು. ಹಿಂದೆ ಇಟ್ಟ ಬೆರಳು ಕಾಣುವಷ್ಟು ತಿಳಿ. ಕೆಳಗಿನ ಕರುಳಿಗೆ ಎನಿಮಾ ಕೊಟ್ಟೆ, ಅದೂ ತಿಳಿಯಾಯಿತು. ಸರ್ ನೋಡಿ ಬರೀ ತಲೆಯಾಡಿಸಿದರು.

ಆಪರೇಷನ್ನಿನ ನಂತರ ಎರಡು ಸಂಗತಿಗಳಿಗಾಗಿ ಇಡೀ ವಾರ್ಡು ಕಾಯ್ದಿತು. ಒಂದು, ಗಾಳಿ. ಜೋಡಿಸಿದ ಕರುಳು ಕೆಲಸ ಶುರುಮಾಡಿದೆ ಎಂಬುದಕ್ಕೆ ಮೊದಲ ಗುರುತು ಅದು. ಪಾಳಿಗೊಬ್ಬರಂತೆ "ಗಾಳಿ ಹೋತೇನ್ರಿ ಅಕ್ಕಾರ?" ಎಂದು ಕೇಳಿದೆವು. ಸಪ್ಪಳಕ್ಕೆ ನಾಚಿ ಒಲೆ ಆರಿಸಿದವಳನ್ನು ಅದೇ ಸಪ್ಪಳಕ್ಕಾಗಿ ಕಾಡಿಸುತ್ತಿದ್ದೆವು. ಮೂರನೇ ದಿನ ಮಧ್ಯಾಹ್ನ ನನ್ನನ್ನು ಕೈಸನ್ನೆಯಿಂದ ಕರೆದು, ಸೆರಗು ಬಾಯಿಗೆ ಹಿಡಿದು, "ಹೋತು" ಎಂದಳು. ಪಕ್ಕದ ಹಾಸಿಗೆಯ ಮುದುಕಿ, "ನಮಗೂ ಕೇಳಿಸ್ತು ಬಿಡ, ಛಲೋ ಆತು" ಎಂದಳು.

ಇನ್ನೊಂದು, ಗಾಯ. ಐದನೇ ದಿನ ಪಟ್ಟಿ ಬಿಚ್ಚಿದೆ. ನನ್ನ ಮೂಗಿಗೆ ಕೀವಿನ ವಾಸನೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಬಾಗಿದೆ. ಸ್ಪಿರಿಟ್ಟಿನ ವಾಸನೆ ಬಂತು, ಹೊಸ ಹತ್ತಿಯ ವಾಸನೆ ಬಂತು, ಬೇರೇನೂ ಬರಲಿಲ್ಲ. ಪಟ್ಟಿಯ ಅರಿವೆ ಒಣಗಿತ್ತು. ಹೊಲಿಗೆಯ ಸಾಲು ಕೌದಿಯ ಅಂಚಿನ ಹಾಗೆ ನೇರ. ಮಾಬಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಒಣಗಿದೆ ಎಂದೆ. ನಂಬದೆ ತಾನೇ ಬೆರಳು ಮುಟ್ಟಿಸಲು ಬಂದಳು, ಕೈ ಹಿಡಿದು ನಿಲ್ಲಿಸಿದೆ. ಗುಳಿಗೆಯಿಂದಲೇ ಹೀಗಾಯಿತು ಎಂದು ಒಬ್ಬ ರೋಗಿಯನ್ನು ನೋಡಿ ಹೇಳಲಾಗದು, ಆದರೆ ಗುಳಿಗೆಯ ಕೆಲಸ ಇದೇ ಎಂದು ಸರ್ ನಮಗೆ ಹೇಳಿದರು.

ಮನೆಗೆ ಹೊರಟ ದಿನ ಮಾಬಮ್ಮ ಆ ಗುಳಿಗೆ ಉಳಿದಿದ್ದರೆ ನಾಲ್ಕು ಕೊಡು, ತಂಗಿಗೆ ಆಗಾಗ ಹೊಟ್ಟೆ ನೋಯುತ್ತದೆ ಎಂದಳು. ಅದು ಒಂದು ದಿನದ ಕೆಲಸದ ಗುಳಿಗೆ, ಹೊಟ್ಟೆನೋವಿನದಲ್ಲ, ಸುಮ್ಮಸುಮ್ಮನೆ ನುಂಗಿದರೆ ಬೇಕಾದಾಗ ಕೆಲಸ ಮಾಡುವುದಿಲ್ಲ ಎಂದೆ. ಈ ಸಲ ನಿಂತು, ಪೂರ್ತಿ ಹೇಳಿದೆ. ಅವಳ ತಂಗಿಯ ಬಾಯಿಂದ ತಿರುಗಿ ಹೇಳಿಸಿದೆ. ಅಂದಿನಿಂದ ಇಂದಿನವರೆಗೆ ಯಾರಿಗೇ ಗುಳಿಗೆ ಕೊಟ್ಟರೂ, ಇದನ್ನು ಹೇಗೆ ನುಂಗುತ್ತೀರಿ, ಯಾವುದರ ಜೊತೆ ನುಂಗುತ್ತೀರಿ ಎಂದು ಅವರಿಂದಲೇ ಹೇಳಿಸಿ, ನುಂಗುವವರೆಗೆ ನಿಲ್ಲುತ್ತೇನೆ.

ಎರಡು ವಾರ ತಡವಾಗಿ ಸಿಸ್ಟರ ಸಹಿ ಬಿತ್ತು. ಪರೀಕ್ಷೆಯಾಗಿ, ಬೇಸಿಗೆ ಕಳೆದು, ಕಾಲುವೆಗೆ ನೀರು ಬಿಟ್ಟು, ನಾಟಿ ಶುರುವಾದ ಹೊತ್ತಿಗೆ ಕಾಲೇಜಿನಲ್ಲಿ ಪ್ರಮಾಣಪತ್ರ ಕೊಡುವ ಸಮಾರಂಭ. ಅವ್ವನ ಜೊತೆ ದೊಡ್ಡಪ್ಪನೂ ಬಂದ. ಮಡಿ ಪಂಚೆ ಉಟ್ಟು ಹಿಂದಿನ ಸಾಲಿನಲ್ಲಿ, ಎರಡೂ ಕೈ ಮೊಣಕಾಲ ಮೇಲಿಟ್ಟು ಕೂತಿದ್ದ. ನನ್ನ ಹೆಸರು ಕರೆದರು. ವೇದಿಕೆ ಹತ್ತಿ ಎರಡೂ ಕೈಯಿಂದ ಪ್ರಮಾಣಪತ್ರ ತೆಗೆದುಕೊಂಡೆ. ನಮ್ಮ ಮನೆತನದ ಹೆಸರು ಅಂಥ ದಪ್ಪ ಕಾಗದದ ಮೇಲೆ ಅಚ್ಚಾದದ್ದು ಅದೇ ಮೊದಲು.

ಹೊರಗೆ ಬೇವಿನ ಗಿಡದ ಕೆಳಗೆ ಮೂವರೂ ಊಟಕ್ಕೆ ಕೂತೆವು. ಅಂದು ಬೆಳಿಗ್ಗೆ ಮಾಬಮ್ಮನ ತಂಗಿ ಯಲಬುರ್ಗಾ ಬಸ್ಸಿನಲ್ಲಿ ಬಂದು ಒಂದು ಗಂಟು ಕೊಟ್ಟು ಹೋಗಿದ್ದಳು. ಮಾಬಮ್ಮ ಬರಲಾಗಲಿಲ್ಲ, ಎರಡು ಮದುವೆ ಮನೆಯ ರೊಟ್ಟಿ ಒಟ್ಟಿಗೆ ಬಂದಿವೆ ಎಂದಿದ್ದಳು. ಬಿಚ್ಚಿದೆ. ಕಾಗದದಷ್ಟು ತೆಳುವಾದ ಬಿಳಿಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ. ದೊಡ್ಡಪ್ಪ ಯಾರು ಕೊಟ್ಟದ್ದು ಎಂದು ಕೇಳಿದ. ತಲೆ ತಗ್ಗಿಸದೆ ಹೇಳಿದೆ. ಯಾರ ಸುದ್ದಿ ಕೇಳಿ ನೀನು ತಾಟು ಸರಿಸಿದೆಯೋ, ಆಕೆಯೇ ಎಂದೆ. ನಾನು ಸುಮ್ಮನಿದ್ದದ್ದನ್ನೂ, ಆಮೇಲೆ ಗೆರೆ ಎಳೆದದ್ದನ್ನೂ ಹೇಳಿದೆ. ಅವ್ವ ಅವನ ಮುಖ ನೋಡುತ್ತಿದ್ದಳು.

ಅವನು ಗಂಟನ್ನು ತನ್ನ ಕಡೆ ಎಳೆದುಕೊಂಡ. ಆಮೇಲೆ ಒಂದು ತುಂಡು ಮುರಿದು ಹಿಂಡಿಯಲ್ಲಿ ಅದ್ದಿ ಬಾಯಿಗಿಟ್ಟ. ಅಗಿದ. ಇನ್ನೊಂದು ಮುರಿದ. ಒಂದು ರೊಟ್ಟಿ ಮುಗಿಯಿತು, ಎರಡನೆಯದೂ ಮುಗಿಯಿತು. ನಾನು ಪ್ರಮಾಣಪತ್ರವನ್ನು ಅವನ ಕಡೆ ಚಾಚಿದೆ. ಎಣ್ಣೆಗೈ ತೋರಿಸಿ, ಅವ್ವನ ಕೈಗೆ ಕೊಡು ಎಂದು ಕಣ್ಣಲ್ಲೇ ಹೇಳಿದ. ಮೂರನೇ ರೊಟ್ಟಿಗೆ ಕೈ ಹಾಕಿದ.

"ಕಾಗದ ಕೈ ತೊಳಕೊಂಡು ನೋಡತೀನಿ. ಮೊದಲ ನೀ ಆಕೀಗೆ ಒಂದು ಫೋನ್ ಹಚ್ಚು. ಹನುಮಂತಪ್ಪ ಮೂರು ತಿಂದಾನ ಅಂತ ಹೇಳು."